ಮ್ಯಾನೇಜರ್ ಬದಲಾದ್ರು, ಆರು ತಿಂಗಳಲ್ಲಿ ನಾನೂ ಬದಲಾದೆ. ಇದು ಅವರ ತಪ್ಪಾ, ನನ್ನದಾ?

ಮೂಲೆಮೇಜು
ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. ನಾನು ಗ್ರಾಹಕರ ದೂರು ನೋಡೋ ತಂಡದಲ್ಲಿದ್ದೀನಿ. ಒಟ್ಟು ಹನ್ನೆರಡು ಜನ. ದೂರು ಬಂದ ತಕ್ಷಣ ಟಿಕೆಟ್ ಓಪನ್ ಆಗುತ್ತೆ, ವಿಚಾರಿಸಿ ಬಗೆಹರಿಸಿ ಕ್ಲೋಸ್ ಮಾಡ್ಬೇಕು. 24 ಗಂಟೆ ದಾಟಿದ್ರೆ ಬೋರ್ಡಲ್ಲಿ ಕೆಂಪು.

ಹಿಂದಿನ ಮ್ಯಾನೇಜರ್ ಮೇಡಂ ಇದ್ದಾಗ ಕೆಂಪು ಬಿದ್ರೆ "ಎಲ್ಲಿ ಸಿಕ್ಕಿಹಾಕ್ಕೊಂಡಿದೆ?" ಅಂತ ಕೇಳೋರು. ಒಂದ್ಸಲ ಅವರೇ ಕೊಟ್ಟ ತಪ್ಪು ಮಾಹಿತಿಯಿಂದ ಒಬ್ಬ ಗ್ರಾಹಕರಿಗೆ ತೊಂದರೆ ಆಯ್ತು. ನಮ್ಮೆಲ್ಲರ ಎದುರಿಗೇ ಸ್ಪೀಕರ್ ಹಾಕಿ ಫೋನ್ ಮಾಡಿ, "ಇದು ನನ್ನ ತಪ್ಪು, ನಿಮ್ಮ ಹತ್ರ ಮಾತಾಡಿದ ಹುಡುಗನದ್ದಲ್ಲ" ಅಂದ್ರು. ಆ ಹುಡುಗ ನಾನೇ.

ಈಗಿನವರು ಕೆಟ್ಟವರೇನಲ್ಲ. ಬೈಯಲ್ಲ, ಕೇಳಿದಾಗ ರಜೆ ಕೊಡ್ತಾರೆ. ಆದ್ರೆ ದಿನಾ ಒಂದೇ ಮಾತು: "ಹೇಗಾದ್ರೂ ಮಾಡಿ, ಬೋರ್ಡ್ ಹಸಿರಾಗಿರ್ಲಿ." ಸುಳ್ಳು ಬರೀರಿ ಅಂತ ಯಾರಿಗೂ ಹೇಳಿಲ್ಲ. ಮೂರನೇ ತಿಂಗಳಿಗೆ ನಮ್ಮಲ್ಲೊಬ್ಬ ಬಗೆಹರಿಯದ ಟಿಕೆಟನ್ನ ಕ್ಲೋಸ್ ಮಾಡಿ, ಅದೇ ದೂರನ್ನ ಹೊಸ ನಂಬರಲ್ಲಿ ಓಪನ್ ಮಾಡೋಕೆ ಶುರು ಮಾಡಿದ. ತಿಂಗಳ ಕೊನೆಗೆ ಮೀಟಿಂಗಲ್ಲಿ ಅವನಿಗೇ ಚಪ್ಪಾಳೆ.

ಹೋದ ವಾರ ನಾನು "ಗ್ರಾಹಕರು ಕರೆಗೆ ಸಿಗಲಿಲ್ಲ" ಅಂತ ಬರೆದು ಒಂದು ಟಿಕೆಟ್ ಮುಚ್ಚಿದೆ. ನಾನು ಕರೆ ಮಾಡೇ ಇರ್ಲಿಲ್ಲ. ಬೆರಳು ತಾನಾಗೇ ಟೈಪ್ ಮಾಡ್ತು. ಹಿಂದಕ್ಕೆ ಹೋಗಿ ಹುಡುಕಿದ್ರೆ ಇಂಥವು ಹನ್ನೊಂದು ಸಿಕ್ಕವು.

ಮೇಲಿರೋರ ನಡತೆ ನಿಜವಾಗ್ಲೂ ಕೆಳಗಿನವರಿಗೆ ಅಂಟುತ್ತಾ? ಅಥವಾ ನಾನು ನನ್ನ ಸೋಮಾರಿತನಕ್ಕೆ ಒಂದು ಹೆಸರು ಹುಡುಕ್ತಿದ್ದೀನಾ?

ಸುಮ್ನಿರಪ್ಪ
ಎರಡನೇದು.

ನಿಧಾನಸ್ಥ
ಯಥಾ ರಾಜಾ ತಥಾ ಪ್ರಜಾ. ಇದಕ್ಕೆ ಇಷ್ಟುದ್ದ ಬರೀಬೇಕಾ?

ಲೆಕ್ಕದಪುಸ್ತಕ
@ನಿಧಾನಸ್ಥ ಆ ಗಾದೆ ಕೇಳಿದ್ರೆ ನಂಗೆ ಮೈ ಉರಿಯುತ್ತೆ. ಪ್ರಜೆಗೆ ಅದಕ್ಕಿಂತ ಒಳ್ಳೆ ನೆಪ ಇನ್ನೊಂದಿಲ್ಲ. ಇಪ್ಪತ್ತು ವರ್ಷದಿಂದ ಇಂಟರ್ನಲ್ ಆಡಿಟ್ ಮಾಡ್ತಿದ್ದೀನಿ. ಸಿಕ್ಕಿಬಿದ್ದವರೆಲ್ಲ ಹೇಳೋದು "ಮೇಲಿನವರು ಹೇಳಿದ್ರು" ಅಂತ. ಮೇಲಿನವರನ್ನ ಕೇಳಿದ್ರೆ "ನಾನು ಹಾಗೆ ಹೇಳೇ ಇಲ್ಲ". ತಮಾಷೆ ಏನಂದ್ರೆ ಇಬ್ಬರೂ ನಿಜಾನೇ ಹೇಳ್ತಿರ್ತಾರೆ.

"ಹೇಗಾದ್ರೂ ಮಾಡಿ" ಅನ್ನೋ ಮಾತು ಕಾಗದದ ಮೇಲೆ ಸಿಗಲ್ಲ, ನೆನಪಿರ್ಲಿ.

ಪಿಎಚ್‌ಡಿ_ಮುಗೀತಿಲ್ಲ
ನನ್ನ ವಿಷಯ ಬಂತು, ಸುಮ್ನಿರೋಕಾಗಲ್ಲ. ಇದರ ಬಗ್ಗೆ ಬೇಕಾದಷ್ಟು ಸಂಶೋಧನೆ ಆಗಿದೆ. 2005ರಲ್ಲಿ ಬ್ರೌನ್, ಟ್ರೆವಿನೋ, ಹ್ಯಾರಿಸನ್ ಅನ್ನೋ ಮೂವರು ನೈತಿಕ ನಾಯಕತ್ವ ಅಳೆಯೋಕೆ ಹತ್ತು ಹೇಳಿಕೆಗಳ ಪಟ್ಟಿ ಮಾಡಿದ್ರು. ಈಗಲೂ ಜಾಸ್ತಿ ಬಳಸೋದು ಅದನ್ನೇ. ಅವರ ವಾದ ನಿಂತಿರೋದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರ ಕಲಿಕೆಯ ಸಿದ್ಧಾಂತದ ಮೇಲೆ, ಅಂದ್ರೆ ಜನ ಇನ್ನೊಬ್ಬರನ್ನ ನೋಡಿ ಕಲೀತಾರೆ ಅನ್ನೋದು.

ಬಂಡೂರಾ ಅವರ 1961ರ ಗೊಂಬೆ ಪ್ರಯೋಗ ಬಹಳ ಜನಕ್ಕೆ ಗೊತ್ತು: ದೊಡ್ಡವರು ಗೊಂಬೆಗೆ ಹೊಡೆಯೋದನ್ನ ನೋಡಿದ ಮಕ್ಕಳೂ ಹೊಡೆದ್ರು. ನಿಮ್ಮ ಕಥೆಗೆ ಸರಿಹೊಂದೋದು 1965ರ ಇನ್ನೊಂದು ಪ್ರಯೋಗ. ಅದರಲ್ಲಿ ಹೊಡೆದವನಿಗೆ ಆಮೇಲೆ ಶಿಕ್ಷೆ ಆಗಿದ್ದನ್ನ ನೋಡಿದ ಮಕ್ಕಳು ಕಡಿಮೆ ಅನುಕರಿಸಿದ್ರು. ಆದ್ರೆ "ಅವನು ಮಾಡಿದ ಹಾಗೆ ಮಾಡಿ ತೋರಿಸಿದ್ರೆ ಬಹುಮಾನ ಕೊಡ್ತೀವಿ" ಅಂದಾಗ ಅವೂ ಉಳಿದ ಮಕ್ಕಳಷ್ಟೇ ಚೆನ್ನಾಗಿ ಮಾಡಿ ತೋರಿಸಿದ್ವು. ಅಂದ್ರೆ ಎಲ್ಲವೂ ಕಲಿತಿದ್ವು. ಹೊರಗೆ ಬರುತ್ತೋ ಇಲ್ವೋ ಅನ್ನೋದು ಹೊಡೆದವನಿಗೆ ಏನಾಯ್ತು ಅನ್ನೋದರ ಮೇಲೆ ನಿಂತಿತ್ತು.

ನಿಮ್ಮ ಗೊಂಬೆ ಹೊಡೆದವನಿಗೆ ಚಪ್ಪಾಳೆ ಬಿತ್ತು. ಮಿಕ್ಕ ಹನ್ನೊಂದು ಜನ ನೋಡ್ತಾ ಕೂತಿದ್ರಿ.

ಸುಮ್ನಿರಪ್ಪ
ಮಕ್ಕಳಿಗೂ ಸಂಬಳ ತಗೊಳ್ಳೋರಿಗೂ ವ್ಯತ್ಯಾಸ ಇಲ್ವಾ ಮೇಡಂ? ನಾಲ್ಕು ವರ್ಷದ ಮಗು ಗೊಂಬೆಗೆ ಹೊಡೆಯಿತು ಅಂತ ಮೂವತ್ತು ವರ್ಷದವನು ಸುಳ್ಳು ಟಿಕೆಟ್ ಬರೆದಿದ್ದಕ್ಕೆ ಮಾಫಿ ಕೊಡೋಕಾಗುತ್ತಾ?

ಪಿಎಚ್‌ಡಿ_ಮುಗೀತಿಲ್ಲ
ಮಾಫಿ ಅಂತ ಎಲ್ಲಿ ಬರೆದೆ? ಯಾಕೆ ಹಾಗಾಗುತ್ತೆ ಅಂತ ಹೇಳಿದೆ ಅಷ್ಟೇ. ಅಂದ ಹಾಗೆ ನಾನು ಮೇಡಂ ಅಲ್ಲ, ಸಾರ್.

ಸುಮ್ನಿರಪ್ಪ
ಸಾರಿ ಸಾರ್ 😄

ಬಿ_ಶಿಫ್ಟ್
ಫ್ಯಾಕ್ಟರಿ ಕಡೆಯಿಂದ ಒಂದು. ಟೊಯೋಟಾದವರ ಆ್ಯಂಡನ್ ಹಗ್ಗ ಕೇಳಿರ್ತೀರ. ಲೈನಲ್ಲಿ ಏನಾದ್ರೂ ಎಡವಟ್ಟು ಕಂಡ್ರೆ ಯಾವ ಕೆಲಸಗಾರ ಬೇಕಾದ್ರೂ ಎಳೀಬಹುದು, ಟೀಮ್ ಲೀಡರ್ ಓಡಿ ಬರ್ತಾನೆ, ಸರಿಹೋಗ್ಲಿಲ್ಲ ಅಂದ್ರೆ ಲೈನ್ ನಿಲ್ಲುತ್ತೆ. ನಾನಿದ್ದ ಕಡೆಯೂ (ಅವರದ್ದಲ್ಲ, ಬೇರೆ) ಅದನ್ನ ನೋಡಿ ತಂದು ಹಾಕಿದ್ರು. ಹಗ್ಗ ಇತ್ತು, ಪಕ್ಕದಲ್ಲಿ "ಗುಣಮಟ್ಟ ನಿಮ್ಮ ಕೈಯಲ್ಲಿ" ಅಂತ ಬೋರ್ಡೂ ಇತ್ತು. ಎಳೆದ್ರೆ ಸೂಪರ್‌ವೈಸರ್ ಬಂದು "ಮತ್ತೆ ನೀನೇನಾ?" ಅನ್ನೋರು. ಅಷ್ಟೇ ಅಂದಿದ್ದು, ಬೇರೇನಿಲ್ಲ. ಹಗ್ಗದ ಮೇಲೆ ಧೂಳು ಕೂತ್ಕೊಳ್ತು.

ಆಮೇಲೆ ಬಂದವರು ಬೇರೆ ಥರ. ನಾನು ಒಂದ್ಸಲ ಎಳೆದೆ, ನೋಡಿದ್ರೆ ಏನೂ ಆಗಿರ್ಲಿಲ್ಲ, ನನ್ನ ಕಣ್ಣಿಗೆ ಹಾಗೆ ಕಂಡಿದ್ದು. ಬೆವರು ಬಂತು. ಅವರು ಪಾರ್ಟನ್ನ ಕೈಯಲ್ಲಿ ತಿರುಗಿಸಿ ನೋಡಿ, "ಸರಿಯಾಗೇ ಇದೆ. ಅನುಮಾನ ಬಂದಾಗ ಎಳೆದೆಯಲ್ಲ, ಅದು ಸಾಕು" ಅಂತ ಹೊರಟು ಹೋದ್ರು. ಆ ತಿಂಗಳು ನಮ್ಮ ಲೈನ್ ಅತಿ ಹೆಚ್ಚು ಸಲ ನಿಂತಿತು. ಮೇಲಿಂದ ಫೋನ್ ಮೇಲೆ ಫೋನ್. ಆ ಮನುಷ್ಯ ಎಲ್ಲಾ ತಾನೇ ತಗೊಂಡ್ರು, ನಮ್ಮ ಕಿವಿಗೆ ಒಂದೂ ಬೀಳ್ಲಿಲ್ಲ. ಕಂಪನಿ ಅದೇ, ನಿಯಮ ಅದೇ, ಹಗ್ಗಾನೂ ಅದೇ.

ಮೂಲೆಮೇಜು
"ಮತ್ತೆ ನೀನೇನಾ" ಓದಿ ಹೊಟ್ಟೆಯೊಳಗೆ ಏನೋ ಆಯ್ತು ಅಣ್ಣ. ನಮ್ಮಲ್ಲಿ ಅದು "ಪರ್ವಾಗಿಲ್ಲ, ಸಂಜೆಯೊಳಗೆ ಹಸಿರು ಮಾಡಿ".

ನಾನೂ_ಮ್ಯಾನೇಜರೇ
ಎಲ್ಲರೂ ಸೇರಿ ಮ್ಯಾನೇಜರನ್ನ ಶೂಲಕ್ಕೇರಿಸೋ ಮುಂಚೆ ಒಂದು ಪ್ರಶ್ನೆ. ಆ 24 ಗಂಟೆ ಯಾರು ಇಟ್ಟಿದ್ದು? ಈ ಮನುಷ್ಯ ಅಂತೂ ಅಲ್ಲ. ಅವರ ಮೇಲೆ ಒಬ್ಬರಿದ್ದಾರೆ, ಅವರ ಬೋರ್ಡಲ್ಲಿ ಇಂಥ ಹತ್ತು ತಂಡಗಳ ಬಣ್ಣ ಕಾಣುತ್ತೆ. ನನ್ನ ವರ್ಷದ ಬೋನಸ್ಸೂ ಇಂಥ ಒಂದು ಬಣ್ಣಕ್ಕೇ ಕಟ್ಟಿದ್ದಾರೆ. ಮಧ್ಯದಲ್ಲಿರೋನ ಪಾಡು ಒನಕೆ ಒರಳಿನ ನಡುವೆ ಸಿಕ್ಕ ಹಾಗೆ.

ಲೆಕ್ಕದಪುಸ್ತಕ
ಸಾರ್, ಪಾಡು ಅರ್ಥ ಆಗುತ್ತೆ. ಆದ್ರೆ ಬಿ_ಶಿಫ್ಟ್ ಹೇಳಿದವರೂ ಮಧ್ಯದಲ್ಲೇ ಇದ್ರು.

ನಾನೂ_ಮ್ಯಾನೇಜರೇ
ಒಪ್ಪಿದೆ. ಅಂಥವರು ಎಷ್ಟು ದಿನ ಉಳೀತಾರೆ ಅಂತಾನೂ ಕೇಳಿ.

ಬಿ_ಶಿಫ್ಟ್
ನಮ್ಮವರು ಎರಡು ವರ್ಷ ಇದ್ರು. ಆಮೇಲೆ ಪ್ರಮೋಷನ್ ಸಿಕ್ತು. ಹೊರಗೆ ಹಾಕಿದ್ರು ಅಂತ ಕಾಯ್ತಿದ್ರೇನೋ 🙂

ಪಿಎಚ್‌ಡಿ_ಮುಗೀತಿಲ್ಲ
ಮಧ್ಯದವರ ವಿಷಯಕ್ಕೇ 2009ರಲ್ಲಿ ಡೇವಿಡ್ ಮೇಯರ್ ಮತ್ತು ಸಂಗಡಿಗರ ಒಂದು ಅಧ್ಯಯನ ಇದೆ. ಮೇಲಿನವರ ನೈತಿಕತೆ ಕೆಳಗಿನವರಿಗೆ ನೇರವಾಗಿ ಇಳಿಯಲ್ಲ, ಮಧ್ಯದ ಸೂಪರ್‌ವೈಸರ್ ಮೂಲಕ ಹನಿ ಹನಿಯಾಗಿ ಇಳಿಯುತ್ತೆ ಅಂತ. ಅಲ್ಲಿ ತಡೆದ್ರೆ ಅಲ್ಲಿಗೇ ನಿಂತಿತು. ಹಾಗಾಗಿ ಮ್ಯಾನೇಜರ್ ಸಾರ್ ಹೇಳಿದ್ದೂ ಸರಿ, ಆಡಿಟರ್ ಹೇಳಿದ್ದೂ ಸರಿ.

ಸುಮ್ನಿರಪ್ಪ
ಎಲ್ಲರೂ ಸರಿ ಅಂದ್ರೆ ಚರ್ಚೆ ಮುಂದಕ್ಕೆ ಹೇಗೆ ಹೋಗುತ್ತೆ ಸಾರ್.

ವಾರ್ಡ್‌ಸಿಸ್ಟರ್
ನಾನು ನರ್ಸ್. ಹಸಿರು ಬೋರ್ಡ್ ಅಂದ್ರೆ ನಂಗೆ ಭಯ. ನಮ್ಮ ತರಬೇತಿಲಿ ಹೇಳಿಕೊಟ್ಟಿದ್ದು: 90ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಅನ್ನೋವರು ಆಸ್ಪತ್ರೆ ತಂಡಗಳಲ್ಲಿ ಔಷಧಿ ಕೊಡೋದರಲ್ಲಾಗೋ ತಪ್ಪುಗಳನ್ನ ಅಧ್ಯಯನ ಮಾಡಿದ್ರು. ಒಳ್ಳೆ ತಂಡದಲ್ಲಿ ತಪ್ಪು ಕಡಿಮೆ ಇರುತ್ತೆ ಅಂತ ಅಂದ್ಕೊಂಡಿದ್ರು. ಲೆಕ್ಕ ನೋಡಿದ್ರೆ ಉಲ್ಟಾ. ಒಳ್ಳೆ ತಂಡಗಳಲ್ಲೇ ತಪ್ಪು ಜಾಸ್ತಿ! ಕೊನೆಗೆ ಗೊತ್ತಾಗಿದ್ದು, ಆ ತಂಡಗಳವರು ತಪ್ಪನ್ನ ಬಾಯಿಬಿಟ್ಟು ಹೇಳ್ತಿದ್ರು, ಮಿಕ್ಕವರು ಬಚ್ಚಿಡ್ತಿದ್ರು.

ನಮ್ಮಲ್ಲಿ ಒಬ್ಬರು ಹೆಡ್ ಸಿಸ್ಟರ್ ಇದ್ರು. ಶಿಫ್ಟ್ ಬದಲಾಗೋ ಹೊತ್ತಲ್ಲಿ ಮೊದಲು ತಾವೇ "ಇವತ್ತು ನಾನು ಇಂಥದ್ದು ಮರೆತೆ" ಅಂತ ಶುರು ಮಾಡೋರು. ಅವರು ಹೇಳಿದ ಮೇಲೆ ಹೊಸ ಹುಡುಗೀರೂ ಹೇಳೋರು. ಅವರು ರಜೆ ಹಾಕಿದ ವಾರ ನಮ್ಮ ವಾರ್ಡಲ್ಲಿ ತಪ್ಪುಗಳ ಸಂಖ್ಯೆ ಸೊನ್ನೆ. ಅರ್ಥ ಆಯ್ತಲ್ಲ.

ನಿಧಾನಸ್ಥ
ಸೊನ್ನೆ ಕಥೆ ಚೆನ್ನಾಗಿದೆ ಸಿಸ್ಟರ್.

ಬಾಗಿಲಪಕ್ಕ
ಸ್ವಲ್ಪ ಆಚೀಚೆ ಹೋಗ್ತೀನಿ. ಆಫೀಸಿನ ಪ್ರಿಂಟರಲ್ಲಿ ಮಗಳ ಶಾಲೆ ಪ್ರಾಜೆಕ್ಟ್ ಪ್ರಿಂಟ್ ಹಾಕೋದು ಅನೈತಿಕಾನಾ? ನಮ್ಮ ಬಾಸ್ ತಾವೂ ಹಾಕ್ತಾರೆ.

ಲೆಕ್ಕದಪುಸ್ತಕ
ಎಷ್ಟು ಪುಟ?

ಬಾಗಿಲಪಕ್ಕ
ನಲವತ್ತು. ಕಲರ್.

ಲೆಕ್ಕದಪುಸ್ತಕ
ಇದನ್ನ ಆಡಿಟರ್ ಎದುರಿಗೆ ಹೇಳಬಾರದಿತ್ತು 😄 ತಮಾಷೆ ಪಕ್ಕಕ್ಕಿಡಿ, "ಬಾಸ್ ತಾವೂ ಹಾಕ್ತಾರೆ" ಅಂದ್ರಲ್ಲ, ಈ ಇಡೀ ಚರ್ಚೆ ಆ ಮಾತಲ್ಲೇ ಇದೆ.

ಸುಮ್ನಿರಪ್ಪ
ಇದಕ್ಕೆಲ್ಲ ನೀತಿ ಸಂಹಿತೆ ಅಂತ ಇರುತ್ತಲ್ಲ. ಸೇರಿದ ದಿನ ಸಹಿ ಹಾಕಿಸ್ತಾರೆ, ವರ್ಷಕ್ಕೊಂದ್ಸಲ ಆನ್‌ಲೈನ್ ಕೋರ್ಸ್, ಕೊನೆಗೆ ಹತ್ತು ಪ್ರಶ್ನೆ. ಎಲ್ಲದಕ್ಕೂ ಉತ್ತರ "ಮೇಲಿನ ಎಲ್ಲವೂ".

ಲೆಕ್ಕದಪುಸ್ತಕ
ಅಮೆರಿಕದ ಇಂಧನ ಕಂಪನಿ ಎನ್ರಾನ್ ಹತ್ರ 64 ಪುಟದ ನೀತಿ ಸಂಹಿತೆ ಇತ್ತು. 2000ದಲ್ಲಿ ಅಚ್ಚು ಹಾಕಿಸಿ ಹಂಚಿದ್ರು, ಮುನ್ನುಡಿ ಅಧ್ಯಕ್ಷ ಕೆನೆತ್ ಲೇ ಅವರದ್ದು. 2001ರ ಡಿಸೆಂಬರಿನಲ್ಲಿ ದಿವಾಳಿ. ಅದೇ ವರ್ಷ ಆಗಸ್ಟಲ್ಲಿ ಶೆರಾನ್ ವಾಟ್ಕಿನ್ಸ್ ಅನ್ನೋ ಉಪಾಧ್ಯಕ್ಷೆ ಲೆಕ್ಕದ ಗೋಲ್‌ಮಾಲ್ ಬಗ್ಗೆ ಲೇ ಅವರಿಗೇ ಪತ್ರ ಬರೆದಿದ್ರು. ಮೊದಲ ಪತ್ರಕ್ಕೆ ಹೆಸರು ಹಾಕಿರ್ಲಿಲ್ಲ. 64 ಪುಟ ಬರೆಸಿದ ಮನೆಯಲ್ಲಿ ಅಷ್ಟು ದೊಡ್ಡ ಹುದ್ದೆಯವರೇ ಹೆಸರು ಹಾಕದೆ ಬರೀಬೇಕಾಗಿ ಬಂತು ಅಂದ್ರೆ ಆ ಪುಸ್ತಕದ ಬೆಲೆ ಲೆಕ್ಕ ಹಾಕಿ.

ನಿವೃತ್ತ
ಬರೀ ಕೆಟ್ಟ ಉದಾಹರಣೆಯೇ ಯಾಕೆ? 1982ರಲ್ಲಿ ಷಿಕಾಗೋ ಸುತ್ತಮುತ್ತ ಟೈಲೆನಾಲ್ ಅನ್ನೋ ನೋವಿನ ಮಾತ್ರೆಗೆ ಯಾರೋ ಸಯನೈಡ್ ಬೆರೆಸಿ ಏಳು ಜನ ಸತ್ತರು. ಅದರ ತಯಾರಕರಾದ ಜಾನ್ಸನ್ ಅಂಡ್ ಜಾನ್ಸನ್ ಮುಖ್ಯಸ್ಥ ಜೇಮ್ಸ್ ಬರ್ಕ್ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿ ವಾಪಸ್ ತರಿಸಿದರು. ಖರ್ಚು ಹತ್ತು ಕೋಟಿ ಡಾಲರಿಗೂ ಮೇಲೆ. ಅಂಗಡಿಯಿಂದ ಬಾಟಲಿ ಎತ್ತಿಸುತ್ತಿದ್ದ ಕೊನೆಯ ಸಿಬ್ಬಂದಿಗೂ "ನಮ್ಮಲ್ಲಿ ಯಾವುದು ಮೊದಲು" ಅಂತ ಅವತ್ತು ಗೊತ್ತಾಗಿರಬೇಕು. ಭಾಷಣ ಬೇಕಿರಲಿಲ್ಲ.

ಸುಮ್ನಿರಪ್ಪ
ಅದೇ ಕಂಪನಿ ಮೇಲೆ ಆಮೇಲೆ ಟಾಲ್ಕಂ ಪೌಡರ್ ವಿಷಯದಲ್ಲಿ ಸಾವಿರಾರು ಮೊಕದ್ದಮೆ ಬಿದ್ವು ತಾತ.

ನಿವೃತ್ತ
ಗೊತ್ತಪ್ಪ. ಬರ್ಕ್ 1989ರಲ್ಲೇ ನಿವೃತ್ತರಾದರು. ಒಬ್ಬರ ನಡತೆ ಗೋಡೆಗೆ ಅಂಟಿಕೊಂಡು ಉಳಿಯಲ್ಲ, ಮುಂದಿನವರು ಮತ್ತೆ ನಡೆದು ತೋರಿಸಬೇಕು. ಪ್ರಶ್ನೆ ಹಾಕಿದ ಹುಡುಗನ ಅನುಭವವೂ ಅದೇ ಅಲ್ಲವೇ? ಆ ಮೇಡಂ ಹೋದ ಆರೇ ತಿಂಗಳಿಗೆ ಎಲ್ಲ ಅಳಿಸಿಹೋಯಿತು.

ಮೂಲೆಮೇಜು
ಈ ಮಾತು ಚುಚ್ಚಿತು ಸಾರ್. ಅವರಿಂದ ಐದು ವರ್ಷ ಕಲಿತೆ ಅಂದ್ಕೊಂಡಿದ್ದೆ.

ನಾನೂ_ಮ್ಯಾನೇಜರೇ
ಟಾರ್ಗೆಟ್ ವಿಷಯಕ್ಕೆ ವಾಪಸ್ ಬರ್ತೀನಿ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ನೆನಪಿದೆಯಾ? ಒಬ್ಬೊಬ್ಬ ಗ್ರಾಹಕರಿಗೂ ಎಂಟೆಂಟು ಸೇವೆ ಮಾರಬೇಕು ಅಂತ ಗುರಿ. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದ ಹಾಗೆ 20 ಲಕ್ಷ ಖಾತೆ ತೆರೆದ್ರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಅದಕ್ಕೂ ಮುಂಚೆ ಸುಮಾರು 5,300 ಜನರನ್ನ ಕೆಲಸದಿಂದ ತೆಗೆದಿದ್ರು. ಈಗ ಹೇಳಿ, 5,300 ಜನಾನೂ ಹುಟ್ಟಾ ಕಳ್ಳರಾ?

ಲೆಕ್ಕದಪುಸ್ತಕ
ಸಣ್ಣ ತಿದ್ದುಪಡಿ: 20 ಲಕ್ಷ ಮೊದಲ ಅಂದಾಜು. 2017ರಲ್ಲಿ ಮತ್ತೆ ಜಾಲಾಡಿದಾಗ 35 ಲಕ್ಷದವರೆಗೆ ಇರಬಹುದು ಅಂತ ಬಂತು. ಮುಖ್ಯಸ್ಥ ಜಾನ್ ಸ್ಟಂಫ್ 2016ರ ಅಕ್ಟೋಬರಲ್ಲಿ ಇಳಿದ್ರು, 2020ರಲ್ಲಿ ಅವರಿಗೆ ಬ್ಯಾಂಕಿಂಗ್ ಕ್ಷೇತ್ರದಿಂದಲೇ ಜೀವನಪೂರ್ತಿ ನಿಷೇಧ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಅಲ್ಲಿ ಯಾರೂ "ಕಳ್ಳ ಖಾತೆ ತೆರೀರಿ" ಅಂತ ಸುತ್ತೋಲೆ ಕಳಿಸಿರ್ಲಿಲ್ಲ, ನೋಡಿ. ಬೋರ್ಡ್ ಹಸಿರಾಗಿರ್ಲಿ ಅಂದ್ರು, ಅಷ್ಟೇ.

ಸುಮ್ನಿರಪ್ಪ
ಸರಿ, ಹುಟ್ಟಾ ಕಳ್ಳರಲ್ಲ. ಆದ್ರೆ ಅದೇ ಬ್ಯಾಂಕಲ್ಲಿ ಸುಳ್ಳು ಖಾತೆ ತೆರೆಯದೆ, ಟಾರ್ಗೆಟ್ ಮುಟ್ಟದೆ ಬೈಸ್ಕೊಂಡವರೂ ಇದ್ರಲ್ಲ? ದೂರು ಕೊಟ್ಟವರೂ ಇದ್ರು. ಅವರಿಗೂ ಅದೇ ಬಾಸ್, ಅದೇ ಟಾರ್ಗೆಟ್. ಅವರನ್ನ ಈ ಸಿದ್ಧಾಂತ ಎಲ್ಲಿಡುತ್ತೆ? ನಾನು ಮೊದಲಿಂದ ಕೇಳ್ತಿರೋದು ಇದನ್ನೇ. ತಮಾಷೆ ಮಾಡ್ತೀನಿ ಅಂತ ಯಾರೂ ಉತ್ತರ ಕೊಡ್ತಿಲ್ಲ.

ವಾರ್ಡ್‌ಸಿಸ್ಟರ್
ಸುಮ್ನಿರಪ್ಪ ಅವರೇ, ಇದು ನ್ಯಾಯವಾದ ಪ್ರಶ್ನೆ. ಎಂಥ ಮೇಲಧಿಕಾರಿ ಇದ್ರೂ ನೇರವಾಗಿರೋ ಒಬ್ಬಿಬ್ಬರು ಇದ್ದೇ ಇರ್ತಾರೆ, ಏನು ಮಾಡಿದ್ರೂ ತಿದ್ದಿಕೊಳ್ಳದ ಒಬ್ಬಿಬ್ಬರೂ ಇರ್ತಾರೆ. ನಾನು ನೋಡಿದ ಮಟ್ಟಿಗೆ ಮಿಕ್ಕವರು ಗಾಳಿ ಬಂದ ಕಡೆ. ನಾನೂ ಆ ಮಿಕ್ಕವರಲ್ಲೇ ಇದ್ದೀನಿ, ಸುಳ್ಳು ಯಾಕೆ.

ಬಾಗಿಲಪಕ್ಕ
ನಮ್ಮದು ಇನ್ನೊಂದು ಥರದ ಸಮಸ್ಯೆ. ಪ್ರಿಂಟರ್ ಬಾಸ್ ಅಲ್ಲ, ಅವರ ಮೇಲಿನವರು. ಅಪ್ಪಟ ಪ್ರಾಮಾಣಿಕರು, ಕಂಪನಿ ಪೆನ್ನಲ್ಲಿ ಸ್ವಂತ ಚೀಟಿ ಕೂಡ ಬರೆಯಲ್ಲ. ಆದ್ರೆ ಬಾಯೇ ಬಿಡಲ್ಲ. ಪಕ್ಕದಲ್ಲೇ ಒಬ್ಬ ಸುಳ್ಳು ಬಿಲ್ ಹಾಕ್ತಾನೆ, ಇವರಿಗೆ ಗೊತ್ತು, ಮುಖ ಆ ಕಡೆ ತಿರುಗಿಸ್ತಾರೆ. "ನನ್ನ ಕೈ ಶುದ್ಧ ಇದ್ರೆ ಸಾಕು" ಅಂತಾರೆ.

ಪಿಎಚ್‌ಡಿ_ಮುಗೀತಿಲ್ಲ
ಟ್ರೆವಿನೋ ಅವರು 2000ದಲ್ಲೇ ಇದನ್ನ ಬರೆದಿದ್ದಾರೆ. ಎರಡು ಕಾಲು ಇರ್ಬೇಕಂತೆ: ಸ್ವತಃ ನೀತಿವಂತ ಆಗಿರೋದು ಒಂದು, ನೀತಿಯನ್ನ ಕೆಲಸದ ಭಾಗವಾಗಿ ನಡೆಸೋದು ಇನ್ನೊಂದು. ಅಂದ್ರೆ ಬಾಯಿಬಿಟ್ಟು ಮಾತಾಡೋದು, ತಪ್ಪು ಮಾಡಿದವರನ್ನ ಕೇಳೋದು. ಮೊದಲನೇದು ಮಾತ್ರ ಇದ್ರೆ ಕೆಳಗಿನವರಿಗೆ ಅವರು ಒಳ್ಳೆಯವರಾಗಿ ಕಾಣಲ್ಲ, ಏನೂ ಇಲ್ಲದವರಾಗಿ ಕಾಣ್ತಾರೆ. ನಾನು ಹೇಳಿದ ಹತ್ತು ಹೇಳಿಕೆಗಳಲ್ಲಿ ಒಂದು ಹೀಗಿದೆ: ಯಶಸ್ಸನ್ನ ಫಲಿತಾಂಶದಿಂದ ಮಾತ್ರ ಅಳೆಯಲ್ಲ, ಅದನ್ನ ಪಡೆದ ದಾರಿಯನ್ನೂ ನೋಡ್ತಾರೆ. ಮೂಲೆಮೇಜು ಅವರ ಈಗಿನ ಮ್ಯಾನೇಜರ್ ಬೀಳೋದು ಇಲ್ಲೇ ಅನ್ಸುತ್ತೆ.

ಇನ್ನೊಂದು, ಯಾರೂ ಎತ್ತದ ವಿಷಯ. 2016ರಲ್ಲಿ ಲಿನ್, ಮಾ, ಜಾನ್ಸನ್ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ದಿನ ತುಂಬಾ ನೈತಿಕವಾಗಿ ನಡೆದುಕೊಂಡ ಬಾಸ್ ಮಾರನೇ ದಿನ ಕೆಳಗಿನವರ ಮೇಲೆ ಹರಿಹಾಯೋ ಸಾಧ್ಯತೆ ಹೆಚ್ಚು. ಒಂದು ಕಾರಣ ದಣಿವು. ಇನ್ನೊಂದು, "ನಿನ್ನೆ ಅಷ್ಟು ಒಳ್ಳೆಯವನಾಗಿದ್ದೆ, ಇವತ್ತು ಸ್ವಲ್ಪ ನಡೆಯುತ್ತೆ" ಅನ್ನೋ ಒಳಲೆಕ್ಕ.

ನಾನೂ_ಮ್ಯಾನೇಜರೇ
ಈ ಅಧ್ಯಯನವನ್ನ ನನ್ನ ತಂಡದವರಿಗೆ ತೋರಿಸಬೇಡಿ.

ನಿಧಾನಸ್ಥ
ನನ್ನ ಹೆಂಡತಿಗೂ.

ನಿರ್ವಾಹಕ
ದಾಂಪತ್ಯದ ವಿಷಯಕ್ಕೆ ಬೇರೆ ವಿಭಾಗ ಇದೆ 🙂

ಬಿ_ಶಿಫ್ಟ್
@ಮೂಲೆಮೇಜು ಆ ಹನ್ನೊಂದು ಟಿಕೆಟ್ ಏನು ಮಾಡಿದ್ರಿ? ಎಲ್ಲರೂ ಪ್ರಪಂಚದ ಕಂಪನಿಗಳನ್ನೆಲ್ಲ ಸುತ್ತಿ ಬಂದ್ರು, ಇದನ್ನ ಮಾತ್ರ ಯಾರೂ ಕೇಳ್ಲಿಲ್ಲ.

ಮೂಲೆಮೇಜು
ಆರು ಈ ತಿಂಗಳವು. ಅವನ್ನ ನಾನೇ ತೆರೀಬಹುದು. ನಿನ್ನೆ ರಾತ್ರಿ ತೆರೆದೆ, ಇವತ್ತು ಆರೂ ಜನಕ್ಕೆ ಫೋನ್ ಮಾಡಿದೆ. ಇಬ್ಬರ ಸಮಸ್ಯೆ ತಾನಾಗೇ ಸರಿಹೋಗಿತ್ತು. ಮೂವರದ್ದು ಹಾಗೇ ಇತ್ತು. ಇನ್ನೊಬ್ಬರು ವಯಸ್ಸಾದವರು. "ನೀವು ಫೋನ್ ಮಾಡಿದ್ರಂತೆ, ನಂಗೆ ಕೇಳಿಸ್ಲಿಲ್ಲವೇನೋ, ಕ್ಷಮಿಸಪ್ಪ" ಅಂದ್ರು. ಟಿಕೆಟ್ ಮುಚ್ಚಿದಾಗ ಅವರಿಗೆ ಮೆಸೇಜ್ ಹೋಗಿರುತ್ತಲ್ಲ, ಅದನ್ನ ಓದಿ ಹಾಗಂದ್ಕೊಂಡಿದ್ದಾರೆ. ಏನೂ ಹೇಳೋಕಾಗ್ಲಿಲ್ಲ.

ಉಳಿದ ಐದು 30 ದಿನ ದಾಟಿವೆ. ಅವನ್ನ ಮತ್ತೆ ತೆರೆಯೋಕೆ ಮ್ಯಾನೇಜರ್ ಒಪ್ಪಿಗೆ ಬೇಕು. ಕಾರಣ ಬರೆಯೋ ಜಾಗ ಬೇರೆ ಇದೆ.

ಸುಮ್ನಿರಪ್ಪ
"ಗ್ರಾಹಕರು ಮತ್ತೆ ಕರೆ ಮಾಡಿದ್ದರು" ಅಂತ ಬರೀರಿ. ಯಾರಿಗೂ ತೊಂದರೆ ಇಲ್ಲ.

ಲೆಕ್ಕದಪುಸ್ತಕ
ಅದು ಹನ್ನೆರಡನೇದು ಆಗುತ್ತೆ.

ಸುಮ್ನಿರಪ್ಪ
...ಹೌದಲ್ವಾ. ಮಾತು ವಾಪಸ್ ತಗೊಂಡೆ.

ನಾನೂ_ಮ್ಯಾನೇಜರೇ
ಮ್ಯಾನೇಜರ್ ಆಗಿ ಒಂದು ಮಾತು. ಎಲ್ಲರ ಮುಂದೆ ಬೇಡ, ಒಬ್ಬರೇ ಇರುವಾಗ ಹೇಳಿ. ಮೊದಲು ನಿಮ್ಮ ಹನ್ನೊಂದು ಹೇಳಿ, ಆಮೇಲೆ 24 ಗಂಟೆಯಲ್ಲಿ ನಿಜವಾಗಿ ಎಷ್ಟು ಬಗೆಹರಿಯುತ್ತೆ ಅನ್ನೋ ಲೆಕ್ಕ ಕೊಡಿ. ಹೊಸ ನಂಬರ್ ಹುಡುಗನ ಹೆಸರು ಎತ್ತಬೇಡಿ. ನನ್ನ ತಂಡದಲ್ಲಿ ಯಾರಾದ್ರೂ ಹೀಗೆ ಬಂದ್ರೆ ಮೊದಲ ಐದು ನಿಮಿಷ ಸಿಟ್ಟೇ ಬರುತ್ತೆ, ಒಪ್ಕೋತೀನಿ. ಆದ್ರೆ ಆ ಲೆಕ್ಕದ ಹಾಳೆ ಇಟ್ಕೊಂಡು ನಾನು ಮೇಲೆ ಹೋಗಿ ಮಾತಾಡಬಹುದು. ಬೋರ್ಡ್ ಪೂರ್ತಿ ಹಸಿರಿದ್ರೆ ಏನಂತ ಕೇಳಲಿ?

ನಿವೃತ್ತ
ಹೆದರಿಕೆ ಆದರೆ ಹಳೇ ಮೇಡಂಗೆ ಒಂದು ಫೋನ್ ಮಾಡಪ್ಪ.

ಮೂಲೆಮೇಜು
ಮಾಡ್ಬೇಕು ಅನ್ಸಿತ್ತು ಸಾರ್. ನಾಚಿಕೆ ಆಗಿ ಮಾಡ್ಲಿಲ್ಲ.

ಬಾಗಿಲಪಕ್ಕ
ನಾನು ಇವತ್ತು ಪ್ರಿಂಟ್ ಹೊರಗೆ ಹಾಕಿಸಿದೆ. ಇದನ್ನೂ ದಾಖಲಿಸಿ ಆಡಿಟರ್ ಸಾಹೇಬ್ರೇ.

ಲೆಕ್ಕದಪುಸ್ತಕ
ದಾಖಲಾಯ್ತು. ಹಿಂದಿನ ನಲವತ್ತು ಪುಟ ಬಾಕಿ ಇದೆ.

ಬಿ_ಶಿಫ್ಟ್
@ಮೂಲೆಮೇಜು ಏನಾಯ್ತು?

ಮೂಲೆಮೇಜು
ಎದುರಿಗೆ ಹೋಗಿ ಹೇಳೋಣ ಅಂತಿದ್ದೆ, ಅವರು ಇಡೀ ದಿನ ಮೀಟಿಂಗಲ್ಲಿದ್ರು. ಕೊನೆಗೆ ಐದೂ ಟಿಕೆಟಿಗೆ ಒಪ್ಪಿಗೆ ಕೇಳಿ ಕಳಿಸಿದೆ. ಕಾರಣದ ಜಾಗದಲ್ಲಿ "ನಾನು ಗ್ರಾಹಕರಿಗೆ ಕರೆ ಮಾಡಿರಲಿಲ್ಲ" ಅಂತ ಬರೆದೆ. ಕಳಿಸಿ ಒಂದೂವರೆ ಗಂಟೆ ಆಯ್ತು. ನೋಡಿದ್ದಾರೆ ಅಂತ ತೋರಿಸ್ತಿದೆ. ಒಂದಕ್ಕೆ ಒಪ್ಪಿಗೆ ಬಂತು, ಒಂದು ಮಾತೂ ಬರೆದಿಲ್ಲ. ನಾಲ್ಕು ಇನ್ನೂ ಹಾಗೇ ಇವೆ.